ಜೈನಾಪುರ ಮಡ್ಡಿಯ ಕ್ಯಾಬಿನ್

ಕಾಡಿನ ನಡುವೆ ಮರದ ದಿಮ್ಮಿಗಳದೊಂದು ಮನೆ ಕಟ್ಟಿಯೇ ತೀರುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಒಂದು ಮಧ್ಯಾಹ್ನ, ನಮ್ಮ ಮನೆಯ ಅಂಗಳದಲ್ಲಿ, ನೆಂಟರ ಟ್ರಂಕು ಹಿಡಿದುಕೊಂಡು! ಪ್ರತಿಜ್ಞೆ ಮಾಡುವವರು ಬಲಗೈ ಮುಂದೆ ಚಾಚುತ್ತಾರೆ. ನನ್ನ ಎರಡೂ ಕೈಗಳು ಟ್ರಂಕಿನ ಕೆಳಗೆ ಸಿಕ್ಕಿಕೊಂಡಿದ್ದರಿಂದ ಗದ್ದ ಚಾಚಿದೆ.

ಟ್ರಂಕು ನಮ್ಮ ಲಾಡಲೇಸಾಬ ಚಾಚಾನದು. ಚಾಚಾ ಕಣ್ಣು ತೋರಿಸಲು ಬಂದಿದ್ದ. ಅವನ ಹಿಂದೆ ಚಾಚಿ, ಚಾಚಿಯ ಹಿಂದೆ ಮದುವೆ ಜವಳಿ ಕೊಳ್ಳಲು ಬಂದ ಅವಳ ತವರಿನವರು, ಅವರ ಹಿಂದೆ ಯಾರೋ ಗಾಡಿ ತಪ್ಪಿಸಿಕೊಂಡವರು. ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲ್ವೆ ಗೇಟಿನ ಮಗ್ಗುಲಲ್ಲೇ ಮನೆ ಇರುವವನ ಹಣೆಬರಹ ಇದು. ಊರಿಗೆ ಬರುವ ಉಳಿದವರಿಗೆ ಕಿಟಕಿಯಿಂದ ಮೊದಲು ಗೋಳಗುಮ್ಮಟ ಕಾಣುತ್ತದೆ. ನಮ್ಮ ನೆಂಟರಿಗೆ ಮೊದಲು ಕಾಣುವುದು ಮಾಳಿಗೆಯ ಮೇಲೆ ಒಣಗುತ್ತಿರುವ ನನ್ನ ಲುಂಗಿ! ಲುಂಗಿ ಕಂಡಿತೆಂದರೆ ಊರು ಬಂತು, ಊಟ ಬಂತು ಎಂದು ಇಳಿದುಬಿಡುತ್ತಾರೆ.

ಆ ಮಧ್ಯಾಹ್ನ ನನ್ನ ಹೆಂಡತಿ ಶಮಾ ಎಲ್ಲರ ಊಟ ಮುಗಿಸಿ, ಪಾತ್ರೆ ತೊಳೆದು, ಆಗಷ್ಟೇ ಚಾಪೆ ಬಿಡಿಸಿದ್ದಳು. ಬಾಗಿಲು ದಬದಬ ಎಂದಿತು. ಅವಳು ಎದ್ದುಬಂದು ಬಾಗಿಲ ಚೌಕಟ್ಟಿಗೆ ತಲೆ ಆನಿಸಿ, ನಿಂತಲ್ಲೇ ಕಣ್ಣು ಮುಚ್ಚಿ ಹೇಳಿದಳು:

"ಏನ್ರೀ, ನನಗ ಬಂಗಾರ ಬ್ಯಾಡ, ರೇಷ್ಮಿ ಸೀರಿ ಬ್ಯಾಡ. ಒಂದ ಮಧ್ಯಾನ್ನ, ಯಾರೂ ಬಾಗಲಾ ಬಡೀಲಾರದಂಗ, ಉಂಡು ಮಕ್ಕೊಂಡು ಸಂಜಿಗಿ ಏಳಬೇಕ್ರಿ ನಾ. ಲಗ್ನ ಆದಾಗಿಂದ ಅದೊಂದ ಆಗಿಲ್ಲ."

ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಸಂಸಾರ ಮಾಡಿ ಹೆಂಡತಿಗೆ ಒಂದು ಮಧ್ಯಾಹ್ನದ ನಿದ್ದೆ ಕೊಡಲಾಗದ ನಾನೆಂಥ ಗಂಡಸು? ನನಗೂ ಸಾಕಾಗಿತ್ತು. ಬೆನ್ನು ಸೋತಿತ್ತು, ನಕ್ಕು ನಕ್ಕು ಸ್ವಾಗತ ಮಾಡಿ ದವಡೆ ಸೋತಿತ್ತು. ಆಗಲೇ ಗದ್ದ ಚಾಚಿದ್ದು!

ದಿಮ್ಮಿ ಮನೆಯೇ ಯಾಕೆ ಎಂದು ನೀವು ಕೇಳಬಹುದು. ನಾನು ಹೈಸ್ಕೂಲಿನ ಭೂಗೋಳ ಮಾಸ್ತರ. ಶೀತವಲಯದ ಕಾಡುಗಳ ಪಾಠ ಮಾಡುವಾಗಲೆಲ್ಲ, "ಅಲ್ಲಿಯ ಜನರು ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕ್ಯಾಬಿನ್ ಎಂಬ ಮನೆಗಳನ್ನು ಕಟ್ಟಿಕೊಳ್ಳುತ್ತಾರೆ. ಹತ್ತಾರು ಮೈಲಿ ನೆರೆಹೊರೆಯವರು ಇರುವುದಿಲ್ಲ" ಎಂದು ಹೇಳುತ್ತ ಬಂದಿದ್ದೇನೆ. ನೆರೆಹೊರೆಯವರೇ ಇಲ್ಲದ ಕಡೆ ನೆಂಟರು ಎಲ್ಲಿಂದ ಬಂದಾರು! ಪಾಠ ಕೇಳಿದ ಮಕ್ಕಳು ಮರೆತರು. ಹೇಳಿದ ಮಾಸ್ತರನ ತಲೆಯಲ್ಲಿ ಕೂತುಬಿಟ್ಟಿತು.

ಜಾಗವೂ ಇತ್ತು. ಬಬಲೇಶ್ವರ ದಾಟಿ ಜೈನಾಪುರದ ದಾರಿಗೆ ಅಂಟಿಕೊಂಡು ನಮ್ಮ ಅಜ್ಜನ ಕಾಲದ ಒಂದು ತುಂಡು ಮಡ್ಡಿ. ಮಡ್ಡಿ ಎಂದರೆ ಕಲ್ಲು, ಗರಸು, ನಡುನಡುವೆ ಜಾಲಿ ಕಂಟಿ. ಅದರ ಕಡೆ ಒಮ್ಮೆ ಬಂದ ಕುರಿ ಮತ್ತೆ ಬರುವುದಿಲ್ಲ. ಇದಕ್ಕಿಂತ ದಿವ್ಯವಾದ ಅಡವಿ ಎಲ್ಲಿ ಸಿಕ್ಕೀತು?

ಹಳೆಯ ಪ್ರಶ್ನೆಪತ್ರಿಕೆಯ ಬೆನ್ನ ಮೇಲೆ ನಕ್ಷೆ ಬರೆದು ಶಮಾಳ ಮುಂದೆ ಹರಡಿದೆ. ಅವಳು ಹಿಟ್ಟು ನಾದುತ್ತಲೇ ನೋಡಿದಳು.

"ಮನಿ ತಲಿ ಮ್ಯಾಲ ಇದೇನ್ರಿ ಕೊಳವಿ?"

"ಹೊಗಿ ಹೋಗಾಕ. ಥಂಡಿ ಬಿದ್ದಾಗ ಒಳಗ ಬೆಂಕಿ ಹಾಕ್ಕೊಂಡು ಕುಂದರಬೇಕಲ್ಲ!"

"ಬಬಲೇಶ್ವರ ಬಿಸಲಾಗ ಮಂದಿ ತಲೀನ ಹೊಗಿ ಬಿಡತೈತಿ. ಮತ್ತ ಛತ್ತ ಯಾಕ ಹಿಂಗ ಜಾರಬಂಡಿ ಆಗೇತಿ?"

"ಹಿಮಾ ಬಿದ್ರ ಜಾರಿ ಕೆಳಗ ಬೀಳಬೇಕಲ್ಲ!"

ಶಮಾ ನಾದುವುದನ್ನು ನಿಲ್ಲಿಸಿದಳು. ನನ್ನ ಮುಖವನ್ನು, ನಕ್ಷೆಯನ್ನು, ಮತ್ತೆ ನನ್ನ ಮುಖವನ್ನು ನೋಡಿದಳು.

"ಜೈನಾಪುರದಾಗ ಹಿಮಾ ಬಿದ್ದ ದಿನಾ ನನ್ನ ಎಬ್ಬಸ್ರಿ. ಅಲ್ಲಿತನಾ ಮಕ್ಕೋತೀನಿ."

ನಮ್ಮ ಅಮ್ಮ ಮಾಶಾಬಿ ಒಳಗಿನಿಂದಲೇ ತೀರ್ಪು ಕೊಟ್ಟಳು: "ಯಪ್ಪಾ, ಮಡ್ಡ್ಯಾಗ ಮನಿ ಕಟ್ಟೂದು ಮಡ್ಡ ಮಂದಿ ಕೆಲಸ!"

ಆದರೆ ಮಾರನೆಯ ದಿನ ನಾನೊಂದು ವಿಷಯ ಗಮನಿಸಿದೆ. ಶಮಾ ಸದ್ದಿಲ್ಲದೆ ಒಂದು ಹೊಸ ತಲೆದಿಂಬು ಹೊಲಿದು, ಅದಕ್ಕೆ ನೀಲಿ ಹೂವಿನ ಗಲೀಫು ಹಾಕಿ, ಯಾವ ನೆಂಟರ ಕಣ್ಣಿಗೂ ಬೀಳದಂತೆ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಳು. ಬಾಯಲ್ಲಿ ಚೇಷ್ಟೆ ಮಾಡಿದರೂ ಆಸೆ ಇಟ್ಟುಕೊಂಡಿದ್ದಳು. ಆ ದಿಂಬು ನೋಡಿದ ಮೇಲೆ ಹಿಂದೆ ಸರಿಯುವ ಮಾತೇ ಇರಲಿಲ್ಲ.

ಬೇಸಿಗೆ ರಜೆ ಬಿದ್ದ ಕೂಡಲೇ ತಿಕೋಟಾದ ಶಕೀಲ ಎಂಬ ಬಡಿಗನನ್ನು ಹಿಡಿದೆ. ಒಣದ್ರಾಕ್ಷಿ ಶೆಡ್ಡುಗಳಿಗೆ ಬಾಗಿಲು ಕೂರಿಸುವುದರಲ್ಲಿ ಪಳಗಿದ ಕೈ. ಅವನ ಬಾಯಲ್ಲಿ ಇಲ್ಲ ಎಂಬ ಮಾತೇ ಬರುವುದಿಲ್ಲ.

"ಶಕೀಲ, ಮೊದಲ ಎಲ್ಲೆರ ದಿಮ್ಮಿ ಮನಿ ಕಟ್ಟೀಯೇನು?"

"ನೋಡೂ ಇಲ್ರಿ. ಆಗತೈತಿ ಬಿಡ್ರಿ!"

"ಎಷ್ಟ ದಿಮ್ಮಿ ಬೇಕಾಗತಾವ?"

"ಭಾಳ ಬೇಕಾಗತಾವ್ರಿ. ಆಗತೈತಿ ಬಿಡ್ರಿ!"

ದಿಮ್ಮಿಯದೇ ತಕರಾರು. ಶೀತವಲಯದಲ್ಲಿ ಮರಗಳು ನೂಲು ಹಿಡಿದಂತೆ ನೆಟ್ಟಗೆ ಬೆಳೆಯುತ್ತವೆ. ನಮ್ಮ ಮಡ್ಡಿಯಲ್ಲಿ ಬೆಳೆಯುವುದು ಜಾಲಿ. ಅದು ಹುಟ್ಟಿದ ದಿನದಿಂದಲೇ ಯಾರ ಮೇಲೋ ಸಿಟ್ಟು ಮಾಡಿಕೊಂಡಂತೆ ಮುಖ ತಿರುವಿ ಬೆಳೆಯುತ್ತದೆ. ಶಕೀಲ ಒಂದೆರಡು ಜಾಲಿ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ. ನಡುವಿನ ಸಂದಿನಿಂದ ಒಂದು ಆಡು ಹಾಯ್ದುಹೋಯಿತು.

"ಗ್ವಾಡಿ ಆಗಂಗಿಲ್ರಿ ಇದು. ಕಿಡಕಿ ಬೇಕಾದ್ರ ಆಗತೈತಿ ಬಿಡ್ರಿ" ಎಂದ.

ಪೆಚ್ಚುಮೋರೆ ಹಾಕಿಕೊಂಡು ಇಬ್ರಾಹಿಂಪುರಕ್ಕೆ ಮರಳುತ್ತಿದ್ದಾಗ ನಮ್ಮ ಓಣಿಯ ಗುಜರಿ ಅಂಗಡಿಯ ಹಿಂದೆ ಕಣ್ಣು ಹೋಯಿತು. ಅಹಹಾ! ಸಣ್ಣ ಗೇಜು ಹೋಗಿ ದೊಡ್ಡ ಗೇಜು ಬಂದಾಗ ಕಿತ್ತುಹಾಕಿದ ರೈಲ್ವೆ ಹಳಿಯಡಿಯ ಹಳೆಯ ಕಟ್ಟಿಗೆಗಳು! ಗುಜರಿಯವನು ಯಾವ ಕಾಲದಲ್ಲೋ ಹರಾಜಿನಲ್ಲಿ ಹಿಡಿದು ಒಟ್ಟಿಟ್ಟಿದ್ದ. ನೆಟ್ಟಗೆ, ದಪ್ಪಗೆ, ಕಬ್ಬಿಣದಷ್ಟು ಗಟ್ಟಿ. ಹುಳ ಹತ್ತಬಾರದೆಂದು ಅವಕ್ಕೆ ಡಾಂಬರಿನಂಥ ಕಪ್ಪು ಎಣ್ಣೆ ಕುಡಿಸಿರುತ್ತಾರೆ, ಹಾಗಾಗಿ ಸ್ವಲ್ಪ ವಾಸನೆ. ಅವುಗಳ ಹೆಸರೇನು ಹೇಳಿ? ಸ್ಲೀಪರ್! ನಿದ್ದೆಗೆಂದು ಕಟ್ಟುವ ಮನೆಗೆ ಸ್ಲೀಪರಿಗಿಂತ ಒಳ್ಳೆಯ ಶಕುನ ಬೇಕೇ?

ಮನೆಗೆ ಬಂದು ಸಾರಿದೆ: "ಸಿಕ್ಕತು! ಸ್ಲೀಪರ್‌ಲೆ ಮನಿ ಕಟ್ಟತೀನಿ!"

"ಚಪ್ಪಲ್‌ಲೆ?" ಎಂದಳು ಅಮ್ಮ. "ಶಮಾ, ಇವನ ತಲಿಗಿ ಒಂದಿಷ್ಟ ಎಣ್ಣಿ ತಟ್ಟಬೇ."

ಟ್ರ್ಯಾಕ್ಟರಿನಲ್ಲಿ ಸ್ಲೀಪರುಗಳನ್ನು ಹೇರಿಕೊಂಡು ಹೊರಟೆವು. ಬಬಲೇಶ್ವರದಲ್ಲಿ ಚಹಾ ಕುಡಿಯಲು ಇಳಿದದ್ದೇ ನನ್ನ ಕೇಡುಗಾಲ. ಹೋಟೆಲ್ಲಿನ ಮುಂದೆ ಕುಳಿತವನೊಬ್ಬ ಟ್ರೇಲರ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದ.

"ರೈಲ್ವೆ ಸ್ಲೀಪರ್ ಅಲ್ಲೇನ್ರಿ ಇವು?"

"ಹೌದ್ರಿ."

"ಎಲ್ಲಿಗಿ ಹೊಂಟಾವ?"

"ಜೈನಾಪುರ ಮಡ್ಡಿಗಿ."

"ಅಲ್ಲೇನ ಮಾಡತೀರಿ?"

"ಕ್ಯಾಬಿನ್ ಕಟ್ಟತೀವ್ರಿ."

ಅಷ್ಟರಲ್ಲಿ ಟ್ರ್ಯಾಕ್ಟರ್ ಡ್ರೈವರ್ ಕೂಗಿದ: "ಮಾಸ್ತರ, ಚಾ ಆರಾಕತ್ತೈತಿ ಬರ್ರಿ!"

ಸ್ಲೀಪರ್! ಕ್ಯಾಬಿನ್! ಮಾಸ್ತರ! ಭೂಗೋಳದ ಪುಸ್ತಕದಲ್ಲಿ ಕ್ಯಾಬಿನ್ ಎಂದರೆ ದಿಮ್ಮಿಯ ಮನೆ ಇರಬಹುದು. ನಮ್ಮ ಕಡೆ ಕ್ಯಾಬಿನ್ ಎಂದರೆ ಒಂದೇ: ರೈಲ್ವೆ ಗೇಟಿನ ಪಕ್ಕದಲ್ಲಿ ಹಸಿರು ಬಾವುಟ ಹಿಡಿದವನು ಕೂರುವ ಕೋಣೆ. ಹುಟ್ಟಿದಾಗಿನಿಂದ ಅದರ ಮಗ್ಗುಲಲ್ಲೇ ಬೆಳೆದ ನನಗೆ ಇದು ಹೊಳೆಯಬೇಡವೇ? ಹೊಳೆಯಲಿಲ್ಲ. ನಾನು ಆರಿದ ಚಹಾ ಕುಡಿಯುತ್ತಿದ್ದೆ. ಅಷ್ಟರಲ್ಲಿ ಜೈನಾಪುರಕ್ಕೆ ರೈಲು ಬಂದಾಗಿತ್ತು, ಸ್ಟೇಷನ್ ಮಾಸ್ತರ ಚಹಾಕ್ಕೆ ಇಳಿದಾಗಿತ್ತು!

ಮಡ್ಡಿ ತಲುಪಿದ ಮೇಲೆ ಶಕೀಲ ಮಾಡಿದ ಮೊದಲ ಕೆಲಸ ನೋಡಿ. ಉದ್ದ ಯಾವುದು, ಗಿಡ್ಡ ಯಾವುದು ತಿಳಿಯಲೆಂದು ಸ್ಲೀಪರುಗಳನ್ನು ನೆಲದ ಮೇಲೆ ಸಾಲಾಗಿ, ಸಮನಾದ ಅಂತರ ಬಿಟ್ಟು, ರಸ್ತೆಯ ತನಕ ಹಾಸಿದ. ಹಳಿ ಒಂದು ಇರಲಿಲ್ಲ ಅಷ್ಟೇ.

ಮಗ್ಗುಲ ಹೊಲದ ಬಸಲಿಂಗಯ್ಯನವರು ಮೋಟರ್ ಸೈಕಲ್ ನಿಲ್ಲಿಸಿ ಬಂದರು. ದೊಡ್ಡ ಹೊಟ್ಟೆಯ, ದೊಡ್ಡ ಮನಸ್ಸಿನ ಮನುಷ್ಯ. ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿ ದನಿ ತಗ್ಗಿಸಿ ಕೇಳಿದರು:

"ಮಾಸ್ತರ, ಹಂಗಾರ ಇಲ್ಲೇ ಬರತೈತೇನ್ರಿ?"

"ಇಲ್ಲೇ ಬರತೈತ್ರಿ ಅಯ್ಯನೋರ."

"ನಮ್ಮ ಹೊಲಕ್ಕ ಏನರ ತ್ರಾಸ?"

"ನಿಮ್ಮ ಹೊಲಾ ಒಂದ ಗೇಣ ಮುಟ್ಟಂಗಿಲ್ಲ."

"ಚಾಲೂ ಯಾವಾಗ?"

"ಸಾಲಿ ಚಾಲೂ ಆಗೂದರಾಗ. ಆದ್ರ ಒಂದ ಮಾತು, ಅಯ್ಯನೋರ. ಯಾರ ಮುಂದೂ ಹೇಳಬ್ಯಾಡ್ರಿ. ಸುದ್ದಿ ಹಬ್ಬಿದ್ರ ಮಂದಿ ಬಂದ ಮುಕರತಾರ."

ನಾನು ಹೇಳಿದ್ದು ನಮ್ಮ ನೆಂಟರ ಬಗ್ಗೆ! ಬಸಲಿಂಗಯ್ಯನವರು ಹೊಟ್ಟೆಯ ಮೇಲೆ ಕೈಯಿಟ್ಟು, "ಇಲ್ಲೇ ಇರತೈತ್ರಿ ಮಾತು" ಎಂದರು. ಅಷ್ಟು ದೊಡ್ಡ ಹೊಟ್ಟೆ. ಆದರೂ ಮಾತು ಅದರಲ್ಲಿ ಸಂಜೆಯ ತನಕ ಹಿಡಿಸಲಿಲ್ಲ.

ಮರುದಿನ ನಾವು ಹೋಗುವಷ್ಟರಲ್ಲಿ ಮಡ್ಡಿಯ ಮೇಲೆ ಒಂದು ಚಹಾದ ಗಾಡಿ ನಿಂತಿತ್ತು. ಕುರಿಯೂ ಬಾರದ ಜಾಗದಲ್ಲಿ ಮಿರ್ಚಿ ಭಜಿ ಕರಿಯುವ ವಾಸನೆ! ಅಲ್ಲಿಂದ ಮುಂದೆ ನಾನು ಗೋಡೆ ಕಟ್ಟಿದ್ದಕ್ಕಿಂತ ಹೆಚ್ಚಾಗಿ ಕೈ ಮುಗಿದೆ. ಒಬ್ಬರು ಮಗನನ್ನು ಗೇಟಿನ ಕೆಲಸಕ್ಕೆ ಹಚ್ಚಿಕೊಳ್ಳಿ ಎಂದರು. ಒಬ್ಬರು ಪ್ಲಾಟ್‌ಫಾರ್ಮಿನಲ್ಲಿ ಕಡಲೆಕಾಯಿ ಮಾರಲು ಪರವಾನಗಿ ಕೇಳಿದರು. ಒಬ್ಬರು ಗಾಡಿ ರಾತ್ರಿ ಹೊತ್ತು ಸಿಳ್ಳೆ ಹಾಕದಂತೆ ನೋಡಿಕೊಳ್ಳಿ, ನಮ್ಮ ಎಮ್ಮೆ ಬೆದರುತ್ತದೆ ಎಂದು ಮುಂಗಡ ತಕರಾರು ಕೊಟ್ಟರು.

ಒಂದು ದಿನ ತಿಕೋಟಾದಿಂದ ಜೀಪು ಬಂತು. ತುಂಬ ಜನ, ಎಲ್ಲರ ಮುಖವೂ ಉಬ್ಬಿತ್ತು. ಹೆಗಲ ಮೇಲೆ ಶಾಲು ಹೊದ್ದ ಹಿರಿಯರು ನೇರವಾಗಿ ಎದೆಗೇ ನಾಟುವಂತೆ ಕೇಳಿದರು:

"ತಿಕೋಟಾ ಬಿಟ್ಟು ಜೈನಾಪುರಕ್ಕ ಲೈನ್ ಒಯ್ಯಾಕ ನಿಮಗ ಮನಸ ಹೆಂಗ ಬಂತ್ರಿ ಮಾಸ್ತರ? ನಮ್ಮ ಒಣದ್ರಾಕ್ಷಿ ಯಾವ ಗಾಡ್ಯಾಗ ಹೋಗಬೇಕು?"

"ಯಪ್ಪಾ, ರೈಲಲ್ಲ ಇದು! ಮನಿ, ಮನಿ!"

"ಕ್ವಾರ್ಟರ್ಸೇನ್ರಿ?"

"ಅಲ್ರಿ!"

"ಹೌದ್ರಿ. ಮೊದಲ ಕ್ವಾರ್ಟರ್ಸ ಕಟ್ಟತಾರ, ಆಮ್ಯಾಲ ಲೈನ್ ಹಾಕತಾರ. ನಮಗೂ ತಿಳೀತೈತಿ" ಎಂದು ಅವರು ತಮ್ಮ ತಮ್ಮಲ್ಲೇ ತಲೆಯಾಡಿಸಿದರು. ನಾನು ಇಲ್ಲ ಎಂದಷ್ಟೂ ಅವರಿಗೆ ಖಾತ್ರಿಯಾಗುತ್ತ ಹೋಯಿತು. ಇಷ್ಟು ಬಾಯಿಬಿಗಿ ಇರುವವನು ಸರಕಾರದ ಮನುಷ್ಯನೇ ಇರಬೇಕಂತೆ! "ಹೆಂಡತಿ ಮಲಗಲಿಕ್ಕೆ ಕಟ್ಟುತ್ತಿದ್ದೇನೆ" ಎಂದು ಹೇಳಿಬಿಡಬಹುದಿತ್ತು. ಅಷ್ಟು ಜನರ ಮುಂದೆ ನಾಲಿಗೆ ಏಳಲಿಲ್ಲ.

ಸಂಜೆ ಗಂಟುಮೂಟೆ ಕಟ್ಟುವಾಗ ಶಕೀಲ ಬಳಿಗೆ ಸರಿದ. ತನ್ನ ಕೈಯಿಂದಲೇ ಆ ಮನೆಯ ಬಾಗಿಲು ಕೂರಿಸಿದವನು, ಕಿವಿ ಕೆರೆದುಕೊಳ್ಳುತ್ತ ಕೇಳಿದ:

"ಮಾಸ್ತರ, ನನ್ನೂ ಗೇಟಿನ್ಯಾಗ ಹಚ್ಚಕೋರಿ. ಒಂದ ಕಡೆ ನೌಕರಿ ಸಿಕ್ರ ಊರೂರ ತಿರುಗಾಟ ತಪ್ಪತೈತಿ."

"ಲೇ ಶಕೀಲ! ಮನಿ ಕಟ್ಟಿದಾಂವ ನೀನ ಅಲ್ಲೋ?"

"ಹೌದ್ರಿ. ಆದ್ರ ಎಲ್ಲಾರೂ ಅನ್ನಾಕತ್ತಾರಲ್ರಿ!"

ಇಷ್ಟೆಲ್ಲ ಜನರಲ್ಲಿ ಏನನ್ನೂ ಕೇಳದೆ ಇದ್ದವಳು ಜೈನಾಪುರದ ಕಾಳವ್ವ ಎಂಬ ಮುದುಕಿ ಒಬ್ಬಳೇ. ದಿನಾ ಒಂದು ಗಂಟು ಹಿಡಿದುಕೊಂಡು ಬಂದು ನಮ್ಮ ಗೋಡೆಯ ನೆರಳಲ್ಲಿ ಕೂರುತ್ತಿದ್ದಳು.

"ಎಲ್ಲಿಗಿ ಹೊಂಟೀಬೇ ಆಯಿ?"

"ಬಬಲೇಶ್ವರಕ್ಕ, ಮಗಳ ಮನಿಗಿ. ಬಸ್ ಇಲ್ಲೆ ನಿಂದರಂಗಿಲ್ಲೋ ಯಪ್ಪಾ, ನಾ ಕೈ ಮಾಡೂದರಾಗ ದಾಟಿ ಹೋಗತೈತಿ. ರೈಲರ ನಿಂದರತೈತೇನು?"

ನೀರಿನ ಬಾಟಲಿ ಅವಳ ಕೈಗಿತ್ತೆ.

ಪ್ರತಿ ಸಂಜೆ ಧೂಳು ಮೆತ್ತಿಕೊಂಡು ಮನೆಗೆ ಬಂದಾಗ ಶಮಾ ಕೇಳುತ್ತಿದ್ದಳು: "ಆತೇನ್ರಿ?" ನಾನು, "ಇನ್ನೊಂದ ಸ್ವಲ್ಪ" ಎನ್ನುತ್ತಿದ್ದೆ. ರೈಲಿನ ಸುದ್ದಿ ಮಾತ್ರ ಬಾಯಿ ಬಿಡಲಿಲ್ಲ. ನೆಂಟರಿಂದ ತಪ್ಪಿಸಿಕೊಳ್ಳಲು ಕಟ್ಟಿದ ಮನೆಯ ಮುಂದೆ ಭಜಿ ಅಂಗಡಿ ಇದೆ ಎಂದು ಯಾವ ಬಾಯಿಂದ ಹೇಳಲಿ? ಐತವಾರ ಯಾರೂ ಇರಲಿಕ್ಕಿಲ್ಲ, ಅವತ್ತು ಮಧ್ಯಾಹ್ನ ನಾವಿಬ್ಬರೇ ಹೋಗೋಣ ಎಂದೆ. ಅವಳು ದಿಂಬು ತೆಗೆದು ಬಿಸಿಲಿಗಿಟ್ಟಳು.

ಐತವಾರ ಬಂತು. ಜೊತೆಗೆ ರೈಲೂ ಬಂತು. ರೈಲಿನಿಂದ ಲಾಡಲೇಸಾಬ ಚಾಚಾ ಬಂದ! ಅಂಗಳದಿಂದಲೇ ಕೂಗು:

"ಲೇ ಮುನಾಫ! ಜೈನಾಪುರಕ್ಕ ರೈಲು ತಂದೀ ಅಂತ, ನಮಗ ಹೇಳಲೇ ಇಲ್ಲಲ್ಲೋ! ಗಾಡ್ಯಾಗೆಲ್ಲಾ ನಿನ್ನ ಮಾತ. ಯಾರೋ ಮುನಾಫ ಮಾಸ್ತರ ಅಂತ, ದಿಲ್ಲಿತನಾ ಕೈ ಐತಿ ಅಂತ!"

ಶಮಾ ನನ್ನ ಕಡೆ ತಿರುಗಿದಳು. "ಏನ್ರೀ ರೈಲು?"

ನಾನು ಚಪ್ಪಲಿ ಹುಡುಕುವವನಂತೆ ಬಗ್ಗಿದೆ. ಬಗ್ಗಿದಲ್ಲಿಂದಲೇ ಎಲ್ಲವನ್ನೂ ಹೇಳಿದೆ. ಅಷ್ಟರಲ್ಲಿ ಚಾಚಾ ಟಂಟಂ ಗಾಡಿ ಕರೆಸಿದ್ದ. ಚಾಚಿ ಹತ್ತಿದಳು. ಚಾಚಿಯ ತವರಿನವರು ಹತ್ತಿದರು. ಮನೆಯಲ್ಲಿ ಮೊದಲೇ ಇದ್ದ ನೆಂಟರೂ ಹತ್ತಿದರು. ಮಡ್ಡ ಮಂದಿಯ ಕೆಲಸ ಎಂದಿದ್ದ ಅಮ್ಮ, "ನನ್ನ ಮಗ ತಂದ ರೈಲು!" ಎಂದು ಡ್ರೈವರನ ಮಗ್ಗುಲ ಸೀಟು ಹಿಡಿದಳು. ಓಣಿಯ ಅರ್ಧ ಜನರಿಗಾಗಿ ಎರಡನೆಯ ಟಂಟಂ ಬಂತು.

"ಶಮಾ, ನೀ?" ಎಂದೆ.

ಅವಳು ದಿಂಬನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಜಾಗಾ ಎಲ್ಲೈತ್ರಿ? ನೀವು ಹೋಗ್ರಿ. ನಾ ಹಿಂದಿಂದ ಬಸ್ಸಿಗಿ ಬರತೀನಿ."

ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಯಾರಿಂದ ಓಡಿಹೋಗಲು ಆ ಮನೆ ಕಟ್ಟಿದೆನೋ ಅವರನ್ನೇ ಹೇರಿಕೊಂಡು, ಯಾರಿಗಾಗಿ ಕಟ್ಟಿದೆನೋ ಅವಳನ್ನೇ ಬಿಟ್ಟು, ಟಂಟಂನ ಹಿಂದಿನ ಕಂಬಿಗೆ ಜೋತುಬಿದ್ದು ಹೊರಟೆ. ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ.

ಮಡ್ಡಿಯ ಮೇಲೆ ಜನವೋ ಜನ. ನಡುವೆ ನನ್ನ ಕ್ಯಾಬಿನ್! ಹಿಮ ಜಾರಲೆಂದು ಮಾಡಿದ ತಗಡಿನ ಮಾಡು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಹೊಗೆ ಕೊಳವೆಯ ಮೇಲೆ ಕಾಗೆ ಕೂತಿತ್ತು. ಮುಂದೆ ಯಾರೋ ಪುಣ್ಯಾತ್ಮರು ಹಳದಿ ಬಣ್ಣದ ಹಲಗೆಯೊಂದನ್ನು ನೆಟ್ಟು, ಕಪ್ಪಕ್ಷರದಲ್ಲಿ ‘ಜೈನಾಪುರ’ ಎಂದು ಬರೆಸಿದ್ದರು. ಅದರ ಕೆಳಗೆ ‘ಸಮುದ್ರ ಮಟ್ಟದಿಂದ ಎತ್ತರ’ ಎಂದು ಬರೆದು ಮುಂದಿನ ಜಾಗ ಖಾಲಿ ಬಿಟ್ಟಿದ್ದರು. ಅದನ್ನು ಭೂಗೋಳದ ಮಾಸ್ತರನೇ ತುಂಬಬೇಕಂತೆ!

ಚಾಚಾ ಹೆಮ್ಮೆಯಿಂದ ಎದೆಯುಬ್ಬಿಸಿ, ಬಾಗಿಲ ಮುಂದೆ ಕಟ್ಟೆಯಂತೆ ಹಾಸಿದ್ದ ಸ್ಲೀಪರಿನ ಮೇಲೆ ಕುಳಿತ. ಬಿಳಿ ಪಾಯಿಜಾಮ, ಬಿಳಿ ಜುಬ್ಬಾ. ಆ ಬಿಸಿಲಿಗೆ ಸ್ಲೀಪರು ಕುಡಿದ ಕಪ್ಪು ಎಣ್ಣೆಯನ್ನೆಲ್ಲ ಕಕ್ಕುತ್ತಿದೆ ಎಂದು ಕೂಗಿ ಹೇಳುವಷ್ಟರಲ್ಲಿ ತಡವಾಗಿತ್ತು. ಬಸಲಿಂಗಯ್ಯನವರು ಹಾರ ಹಾಕಲು ಬಂದರು. ಚಾಚಾ ಎದ್ದ. ಪಾಯಿಜಾಮ ಏಳಲಿಲ್ಲ!

"ಯಾ ಅಲ್ಲಾ!" ಎಂದು ಚಾಚಾ ಮತ್ತೆ ಕುಸಿದ. ಅವನನ್ನು ಎಳೆಯಹೋದ ಚಾಚಿಯ ದುಪ್ಪಟ್ಟಾ ಗೋಡೆಗೆ ಅಂಟಿತು. ಚಾಚಿಯನ್ನು ಬಿಡಿಸಹೋದ ಶಕೀಲನ ಬೆನ್ನು ಅಂಟಿತು. "ಬಿಡತೈತಿ ಬಿಡ್ರಿ, ಬಿಡತೈತಿ ಬಿಡ್ರಿ" ಎನ್ನುತ್ತ ಅವನು ಹಾಗೇ ನಿಂತ.

ಅದೇ ಹೊತ್ತಿಗೆ ಬಸ್ಸು ಬಂತು. ಎಂದೂ ನಿಲ್ಲದ ಬಸ್ಸು, ಅಷ್ಟು ಜನ ರಸ್ತೆಗೆ ಅಡ್ಡ ನಿಂತಿದ್ದರಿಂದ ನಿಲ್ಲಲೇಬೇಕಾಯಿತು. ಕಂಡಕ್ಟರ್ ತಲೆ ಹೊರಹಾಕಿ, "ಏನ್ ನಡದೈತ್ರಿ ಇಲ್ಲೆ?" ಎಂದ. ಎಲ್ಲರೂ ನನ್ನ ಕಡೆ ನೋಡಿದರು. ಹಾರ ಹಿಡಿದ ಬಸಲಿಂಗಯ್ಯನವರು, "ಎಲ್ಡ ಮಾತ ಆಡ್ರಿ, ಮಾಸ್ತರ" ಎಂದರು.

ನನಗೆ ಸಾಕಾಗಿಹೋಗಿತ್ತು. ಮೈ ಸೋತಿತ್ತು, ಮಾನವಂತೂ ಉಳಿದಿರಲಿಲ್ಲ. ಕೂಗಿಯೇ ಬಿಟ್ಟೆ:

"ರೈಲೂ ಇಲ್ಲ, ಸ್ಟೇಷನ್ನೂ ಇಲ್ರಿ! ನಾ ಸಾಲಿ ಮಾಸ್ತರ! ನನ್ನ ಹೆಣ್ತಿಗಿ ಮನ್ಯಾಗ ಒಂದ ಮಧ್ಯಾನ್ನ ನಿದ್ದಿ ಸಿಗವಲ್ದು. ಅಕಿ ಮಕ್ಕೊಳ್ಳಾಕ ಅಂತ ಈ ಮನಿ ಕಟ್ಟೀನಿ. ಅಷ್ಟರೀ!"

ಭಜಿ ಬಾಣಲೆಯೂ ಸದ್ದು ನಿಲ್ಲಿಸಿತು. ಬಸಲಿಂಗಯ್ಯನವರು ಮನೆ ನೋಡಿದರು, ನನ್ನನ್ನು ನೋಡಿದರು, ಗುಂಪನ್ನೆಲ್ಲ ಒಮ್ಮೆ ನೋಡಿದರು. ನಂತರ ತುಂಬ ಮರ್ಯಾದೆಯಿಂದ ಕೇಳಿದರು:

"ಮತ್ತ ಹೆಣ್ತಿ ಎಲ್ಲಿ ಅದಾರ್ರಿ?"

ನಾನೂ ಗುಂಪಿನತ್ತ ನೋಡಿದೆ. ಚಾಚಾ ಇದ್ದ, ಚಾಚಿ ಇದ್ದಳು, ಅಮ್ಮ ಇದ್ದಳು, ಗಾಡಿ ತಪ್ಪಿಸಿಕೊಂಡವರೂ ಇದ್ದರು. ಅವಳೊಬ್ಬಳೇ ಇರಲಿಲ್ಲ. ಹಿಂದಿನಿಂದ ಬಸ್ಸಿಗೆ ಬರುತ್ತೇನೆ ಎಂದವಳು ಬಂದೇ ಇರಲಿಲ್ಲ.

ಜನ ಬಡಿಯುತ್ತಾರೆಂದುಕೊಂಡಿದ್ದೆ. ಆದರೆ ಕಾಳವ್ವ ಗಂಟು ಎತ್ತಿಕೊಂಡು ಎದ್ದಳು. "ರೈಲು ಬರದಿದ್ರ ಬಿಡೋ ಯಪ್ಪಾ. ಬಸ್ಸರ ನಿಂತೈತಲ್ಲ, ನೆಳ್ಳರ ಆಗೇತಲ್ಲ!" ಎಂದು ಬಸ್ಸು ಹತ್ತಿಯೇಬಿಟ್ಟಳು. ಅವಳ ಹಿಂದೆ ಇನ್ನಷ್ಟು ಜನ ಹತ್ತಿದರು. ಕಂಡಕ್ಟರ್ ಟಿಕೆಟ್ ಕೊಡುತ್ತ, "ಈ ಸ್ಟಾಪಿಗಿ ಏನಂತ ಅನ್ನೂದ್ರಿ?" ಎಂದ. ಬಸಲಿಂಗಯ್ಯನವರು ನನಗೆಂದು ತಂದ ಹಾರವನ್ನು ಬಾಗಿಲ ಚೌಕಟ್ಟಿಗೆ ಹಾಕಿ ಹೇಳಿದರು: "ಕ್ಯಾಬಿನ್ ಅನ್ರಿ!"

ನಾನೂ ಅದೇ ಬಸ್ಸಿಗೆ ಜೋತುಬಿದ್ದೆ. ಚಾಚಾ ಹಿಂದಿನಿಂದ, "ಲೇ ಮುನಾಫ, ಸೀಮೆಎಣ್ಣಿ ತಾರೋ! ಬಿಡಿಸೋ!" ಎಂದು ಕೂಗುತ್ತಲೇ ಇದ್ದ. ಬಬಲೇಶ್ವರದಲ್ಲಿ ಬಸ್ಸು ಬದಲಿಸಿ, ಇಬ್ರಾಹಿಂಪುರ ಮುಟ್ಟುವ ತನಕ ಶಮಾಳಿಗೆ ಏನು ಹೇಳಲಿ ಎಂದು ಯೋಚಿಸುತ್ತ ಬಂದೆ. ಅತ್ತಿರಬೇಕು, ಅಥವಾ ಸಿಟ್ಟಿನಲ್ಲಿ ತವರಿಗೆ ಹೊರಟಿರಬೇಕು ಎಂದುಕೊಂಡೆ.

ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಬಡಿಯಲು ಕೈ ಎತ್ತಿದವನು ಕಿಟಕಿಯಲ್ಲಿ ಇಣುಕಿದೆ.

ನಡುಮನೆಯಲ್ಲಿ, ಚಾಪೆಯ ಮೇಲೆ, ನೀಲಿ ಹೂವಿನ ದಿಂಬಿಗೆ ಕೆನ್ನೆಯೊತ್ತಿ, ಕೈಕಾಲು ಚಾಚಿ, ಬಾಯಿ ತುಸು ತೆರೆದು ಶಮಾ ಮಲಗಿದ್ದಳು. ಮನೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಆ ಹೊತ್ತಿಗೇ ಗೂಡ್ಸ್ ಗಾಡಿಯೊಂದು ಮನೆಯನ್ನು ಅಲ್ಲಾಡಿಸಿಕೊಂಡು ಹೋಯಿತು. ಪಾತ್ರೆಯ ಸ್ಟ್ಯಾಂಡು ಗಲಗಲ ಎಂದಿತು. ಅವಳು ಮಗ್ಗುಲು ಹೊರಳಿ ಇನ್ನೂ ಆಳಕ್ಕೆ ಇಳಿದಳು, ಅಷ್ಟೇ. ಇಷ್ಟು ವರ್ಷ ಅವಳನ್ನು ಎಬ್ಬಿಸಿದ್ದು ರೈಲಲ್ಲ, ಬಾಗಿಲು!

ಎತ್ತಿದ ಕೈ ಇಳಿಸಿದೆ. ಮೆಟ್ಟಿಲ ಮೇಲೆ ಕುಳಿತೆ. ಟಪಾಲಿನವನು ಬಂದ, ತುಟಿಯ ಮೇಲೆ ಬೆರಳಿಟ್ಟು ಕಳಿಸಿದೆ. ಬಿಸಿಲು ಇಳಿದು ನೆರಳು ಉದ್ದವಾದ ಮೇಲೆ ಚಿಲಕ ಸರಿಯಿತು. ಕೆನ್ನೆಯ ಮೇಲೆ ಗಲೀಫಿನ ಹೂವಿನ ಗುರುತು ಮೂಡಿಸಿಕೊಂಡು ಶಮಾ ಹೊರಗೆ ಬಂದಳು. ಅಂಥ ಮುಖವನ್ನು ನಾನು ಮದುವೆಯಾದ ಹೊಸತರಲ್ಲಿ ನೋಡಿದ್ದೆ.

"ಎಲ್ಲಾರೂ ಎಲ್ಲೆರಿ?"

"ಕ್ಯಾಬಿನ್ನಿನ್ಯಾಗ."

"ಚಾಚಾ?"

"ಅಂಟಿಕೊಂಡಾನ."

ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ತಲೆ ತಗ್ಗಿಸಿ ಹೇಳಿದೆ: "ಶಮಾ, ನಿನಗಂತ ಕಟ್ಟಿದ್ದು. ಬಸ್ ಸ್ಟಾಪ್ ಆತು. ತಪ್ಪಾತು ನಂದು."

"ಯಾಕ ತಪ್ಪ? ಭಾಳ ಚಲೋ ಕಟ್ಟೀರಿ! ಮುಂದಿನ ಐತವಾರನೂ ಎಲ್ಲಾರ್ನೂ ಕರಕೊಂಡ ಅಲ್ಲೇ ಹೋಗ್ರಿ. ಬಂದ ಮಂದೀನ ಬಂದಂಗ ಅಲ್ಲೇ ಒಯ್ಯರಿ. ಬೇಕಾದ್ರ ಬುತ್ತಿ ಕಟ್ಟಿ ಕೊಡತೀನಿ."

"ಮತ್ತ ನೀ?"

ಶಮಾ ದಿಂಬನ್ನು ತಟ್ಟಿ ಸರಿಮಾಡುತ್ತ, ನನ್ನ ಅಷ್ಟೂ ಭೂಗೋಳವನ್ನು ಒಂದೇ ಮಾತಿಗೆ ಮುಗಿಸಿದಳು:

"ಅಡವಿ ಮನಿ ಅಂದ್ರ ಹಿಂಗ ಇರಬೇಕ ನೋಡ್ರಿ. ಅಡವ್ಯಾಗ ನೀವು, ಮನ್ಯಾಗ ನಾನು!"